ದಾಖಲಾ ಐತೇನ್ರಿ?

‘ದಾಖಲೆ’ ಎಂಬ ಶಬ್ದ ದಿನಕ್ಕೆ ಎಷ್ಟು ಸಲ ನಿಮ್ಮ ಕಿವಿಗೆ ಬೀಳುತ್ತದೆ, ಎಂದಾದರೂ ಎಣಿಸಿದ್ದೀರಾ? ಮುಂಜಾನೆ ವಾರ್ತೆಯಲ್ಲಿ ‘ದಾಖಲೆ ಮಳೆ’. ಪೇಪರಿನಲ್ಲಿ ಯಾರೋ ಓಟದಲ್ಲಿ ‘ದಾಖಲೆ ಮುರಿದರು’. ಪಕ್ಕದ ಮನೆಯ ಅಜ್ಜನನ್ನು ‘ದವಾಖಾನಿಗೆ ದಾಖಲ ಮಾಡ್ಯಾರ’. ಮೊಮ್ಮಗನ ‘ಸಾಲಿ ದಾಖಲಾ’ ತರಬೇಕು. ಅಷ್ಟೇ ಏಕೆ, ನಳದ ಹತ್ತಿರ ಇಬ್ಬರು ಹೆಂಗಸರು ಜಗಳಕ್ಕೆ ನಿಂತರೂ ಕೊನೆಗೆ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ಕೇಳುವುದು ಅದನ್ನೇ: “ಅದಕ್ಕ ದಾಖಲಾ ಐತೇನ ನಿನ್ನ ಕಡೆ?”

ದವಾಖಾನೆ, ಸಾಲಿ, ಮಳೆ, ಜಗಳ ಎಲ್ಲಕ್ಕೂ ಒಂದೇ ಶಬ್ದ ಹೇಗೆ ಹೊಂದುತ್ತದೆ ಎಂದು ನನಗೂ ಸೋಜಿಗವಿತ್ತು. ಇದು ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ‘ಒಳಗೆ ಬರುವುದು’. ಪಾರ್ಸಿಯ ಕೈಹಿಡಿದು, ಮರಾಠಿಯ ಮನೆಯಲ್ಲಿ ತಂಗಿ, ಕಚೇರಿಯ ಮೂಲಕ ನಮ್ಮ ಕನ್ನಡಕ್ಕೆ ಬಂದಿತು. ಈಗ ನೋಡಿ, ಎಲ್ಲ ಹೊಂದುತ್ತದೆ. ರೋಗಿ ದವಾಖಾನೆಯ ಒಳಗೆ ಬಂದ, ಹುಡುಗ ಸಾಲಿಯ ಒಳಗೆ ಬಂದ, ಮಳೆಯ ಲೆಕ್ಕ ಪುಸ್ತಕದ ಒಳಗೆ ಬಂದಿತು. 1956ರ ನವೆಂಬರ್ 1ರವರೆಗೆ ನಮ್ಮ ಭಾಗವೆಲ್ಲ ಮುಂಬಯಿ ಆಡಳಿತದಲ್ಲಿತ್ತಲ್ಲ, ಹಾಗಾಗಿ ಕಚೇರಿಯ ಮಾತೆಲ್ಲ ನಮಗೆ ಮರಾಠಿಯ ದಾರಿಯಿಂದಲೇ ಬಂದದ್ದು ಹೆಚ್ಚು. ‘ನೋಂದಣಿ’ಯೂ ಮರಾಠಿಯ ‘ನೋಂದ’ದಿಂದಲೇ ಬಂದದ್ದು. ಆ ‘ನೋಂದ’ದ ದೀರ್ಘ ತೆಗೆದರೆ ನಮ್ಮ ಕನ್ನಡದ ‘ನೊಂದ’ ಆಗುತ್ತದೆ. ಬರೆಯುವಾಗ ಎಷ್ಟೋ ಜನ ಇದನ್ನು ಅದು, ಅದನ್ನು ಇದು ಮಾಡಿಬಿಡುತ್ತಾರೆ. ನನಗೇನೋ ಅದು ಪೂರ್ತಿ ತಪ್ಪು ಅನ್ನಿಸುವುದಿಲ್ಲ. ನೋಂದಾಗದೇ ಉಳಿದು ನೊಂದವರನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ನನ್ನ ತವರು ಮೂಡಲಗಿ, ಕೊಟ್ಟದ್ದು ಗೋಕಾಕಕ್ಕೆ. ನಾದಿನಿಯನ್ನು ಕೊಟ್ಟದ್ದು ಹುಕ್ಕೇರಿಗೆ. ನಾನು ಹುಟ್ಟಿದಾಗ ಮೂಡಲಗಿ ಗೋಕಾಕ ತಾಲೂಕಿನೊಳಗಿತ್ತು. 2018ರಲ್ಲಿ ತಾನೇ ತಾಲೂಕಾಯಿತು. ಊರು ಇದ್ದಲ್ಲೇ ಇದೆ, ಕಾಗದದಲ್ಲಿ ಮಾತ್ರ ಜಾಗ ಬದಲಾಯಿತು! ಇನ್ನು ನನ್ನ ಹುಟ್ಟಿದ ತಾರೀಖು ಜೂನ್ 1. ನಮ್ಮ ಓಣಿಯ ಅರ್ಧ ಮಕ್ಕಳದ್ದೂ ಜೂನ್ 1. ಸಾಲಿಗೆ ಹೆಸರು ಹಚ್ಚುವಾಗ ತಾರೀಖು ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಕೊಟ್ಟ ಜನ್ಮದಿನ ಅದು. ಅವ್ವನನ್ನು ಕೇಳಿದರೆ “ಬನ್ನಿ ಹಬ್ಬದ ಮರುದಿನ, ಸಂಜಿ ದೀಪಾ ಹಚ್ಚೂ ಹೊತ್ತು” ಎನ್ನುತ್ತಿದ್ದಳು. ಅದು ನಿಜ. ಆದರೆ ಅದಕ್ಕೆ ದಾಖಲಾ ಇಲ್ಲ.

ನಮ್ಮ ಅತ್ತೆಯದಂತೂ ಇನ್ನೂ ಚೆಂದ. “ಹುದಲಿಗೆ ಗಾಂಧಿ ಬಂದಾಗ ನಾ ತೊಟ್ಟಲದಾಗ ಇದ್ನಂತ” ಎನ್ನುತ್ತಾರೆ. ಗಾಂಧೀಜಿ ಹುದಲಿಗೆ ಬಂದದ್ದು 1937ರಲ್ಲಿ. ಸಾಲಿಯ ಮೆಟ್ಟಿಲು ಹತ್ತದ ಆ ಹೆಣ್ಣುಮಗಳು ಹುಟ್ಟಿದ ವರುಷವನ್ನು ನಮಗಿಂತ ನಿಖರವಾಗಿಯೇ ಇಟ್ಟುಕೊಂಡಿದ್ದಾರೆ ನೋಡಿ. ಮದುವೆಯಲ್ಲಿ ಅವರ ಹೆಸರು ಬದಲಿಸಿದರು. ನಮ್ಮ ಕಡೆ ಇದು ಹೊಸದೇನಲ್ಲ. ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬರುವಾಗ ‘ಮನೆ ತುಂಬಿಸಿಕೊಂಡೆವು’ ಎಂದು ಇಡೀ ಓಣಿಗೆ ಊಟ ಹಾಕುತ್ತಾರೆ. ಒಳಗೆ ಬರುವುದೇ ‘ದಾಖಲು’ ಎನ್ನುವುದಾದರೆ, ಸೊಸೆಯಷ್ಟು ಜೋರಾಗಿ ದಾಖಲಾದವರು ಯಾರೂ ಇಲ್ಲ. ಆದರೆ ಉತಾರದಲ್ಲಿ ಅವಳ ಹೆಸರು ಹುಡುಕಿ!

ನಾವು ಹುಡುಕಬೇಕಾಗಿ ಬಂದದ್ದು 2019ರ ಆಗಸ್ಟಿನಲ್ಲಿ. ಆ ಮಹಾಪೂರ ನಿಮಗೆ ನೆನಪಿರಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರಕ್ಕೆ ಹಿರಣ್ಯಕೇಶಿ ನುಗ್ಗಿದಳು, ಗೋಕಾಕಕ್ಕೆ ಘಟಪ್ರಭೆ ಬಂದಳು, ಲೋಳಸೂರ ಸೇತುವೆ ಮುಳುಗಿತು, ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗಳ ಜನ ದನಕರು ಹೊಡೆದುಕೊಂಡು ಮೇಲೆ ಹೋದರು. ನಾವು ಉಟ್ಟ ಬಟ್ಟೆಯಲ್ಲಿ ಹೊರಬಿದ್ದೆವು. ನೀರು ಇಳಿದ ಮೇಲೆ ಬಂದು ನೋಡಿದರೆ ಒಂದು ಕಡೆಯ ಗೋಡೆ ಇಲ್ಲ. ಟ್ರಂಕಿನೊಳಗಿನ ಕಾಗದಗಳು ನಾದಿದ ಹಿಟ್ಟಿನಂತೆ ಮುದ್ದೆಯಾಗಿದ್ದವು. ಅತ್ತೆ ಆ ಮುದ್ದೆಯನ್ನು ಬಿಸಿಲಿಗಿಟ್ಟು, ಒಂದೊಂದೇ ಪದರು ಬಿಡಿಸಲು ನೋಡಿದರು. ಶಾಯಿ ಎಲ್ಲ ಹರಿದುಹೋಗಿತ್ತು.

ತುರ್ತಿನ ಹತ್ತು ಸಾವಿರ ರೂಪಾಯಿ ಬಂತು. ಪೂರ್ತಿ ಬಿದ್ದ ಮನೆಗೆ ಐದು ಲಕ್ಷವೆಂದು ಸರಕಾರ ಹೇಳಿತ್ತು. ನಮ್ಮದು ಅರೆಬರೆ ಬಿದ್ದದ್ದು, ಎಷ್ಟು ಬಂದೀತೋ ಎಂದು ಅರ್ಜಿ ಕೊಡಲು ಹೋದೆವು. ಕಾರಕೂನರು ಕೇಳಿದ ಮೊದಲ ಮಾತು, “ಮನಿ ಯಾರ ಹೆಸರಿಲೆ ಐತಿ? ದಾಖಲಾ ತಂದೀರೇನ್ರಿ?”

ಮನೆ ಮಾವನವರ ಹೆಸರಿನಲ್ಲಿತ್ತು. ಮಾವನವರು ತೀರಿಕೊಂಡು ಇಪ್ಪತ್ತೆಂಟು ವರುಷ. ವಾರಸಾ ಮಾಡಿಸಿರಲೇ ಇಲ್ಲ. ಮಾಡಿಸಬೇಕಾದರೆ ಮರಣದ ದಾಖಲಾ ಬೇಕು. ಅವರು ಮನೆಯಲ್ಲೇ ತೀರಿಕೊಂಡವರು, ಆಗ ಯಾರೂ ಹೋಗಿ ಬರೆಸಿರಲಿಲ್ಲ. ದುಃಖದ ಮನೆಯಲ್ಲಿ ಕಚೇರಿಯ ನೆನಪು ಯಾರಿಗಿರುತ್ತದೆ ಹೇಳಿ? 1969ರ ಕಾಯಿದೆಯ ಪ್ರಕಾರ ಹುಟ್ಟು ಸಾವು ಎರಡನ್ನೂ 21 ದಿನದೊಳಗೆ ತಿಳಿಸಬೇಕು. ದವಾಖಾನೆಯಲ್ಲಾದರೆ ಅವರೇ ತಿಳಿಸುತ್ತಾರೆ, ಮನೆಯಲ್ಲಾದರೆ ಮನೆಯ ಹಿರಿಯರು ತಿಳಿಸಬೇಕು. ಒಂದು ವರುಷ ದಾಟಿದರೆ ಮ್ಯಾಜಿಸ್ಟ್ರೇಟರ ಹುಕುಂ ಇಲ್ಲದೆ ಬರೆಯುವುದಿಲ್ಲ. ನಮ್ಮದು ಇಪ್ಪತ್ತೆಂಟು ದಾಟಿತ್ತು.

ವಕೀಲರು ತಾರೀಖು ಕೇಳಿದರು. ಅತ್ತೆ, “ಮಗಳ ಮದುವಿ ಆದ ವರ್ಷ, ದೀಪಾವಳಿ ಮುಗದು ಹಟ್ಟಿ ಲಕ್ಕವ್ವನ ಇನ್ನೂ ತಗದಿದ್ದಿಲ್ಲ” ಎಂದರು. ವಕೀಲರು ನಕ್ಕರು. ಅತ್ತೆ ನಗಲಿಲ್ಲ.

ಆಗ ಹುಕ್ಕೇರಿಯಿಂದ ನಾದಿನಿ ಬಂದಳು, ಕೈಯಲ್ಲಿ ಒಂದು ಹಳೇ ವಹಿ. ಅದು ಅವಳ ಮದುವೆಯಲ್ಲಿ ಆಯೇರಿ ಬರೆದ ವಹಿ. ಯಾರು ಪಾತ್ರೆ ಕೊಟ್ಟರು, ಯಾರು ಹನ್ನೊಂದು ರೂಪಾಯಿ ಕೊಟ್ಟರು ಎಂದು ಬರೆದಿಡುತ್ತೇವಲ್ಲ, ಅದೇ. ಉಳಿದ ಖಾಲಿ ಹಾಳೆಗಳಲ್ಲಿ ಆಕೆ ಹೊಸ ಸಂಸಾರದ ಕಿರಾಣಿ ಲೆಕ್ಕ, ಹಾಲಿನ ಲೆಕ್ಕ ಬರೆಯುತ್ತಿದ್ದಳು. ಪ್ರತಿ ಲೆಕ್ಕದ ಮೇಲೂ ತಾರೀಖು. 1991ರ ನವೆಂಬರಿನ ಒಂದು ಹಾಳೆಯಲ್ಲಿ ಸಕ್ಕರೆ ಎರಡು ಕಿಲೋ, ಕಡಲೆಬೇಳೆ ಒಂದು ಕಿಲೋ, ಸೀಮೆಎಣ್ಣೆ. ಅದರ ಕೆಳಗೆ, “ಇಂದ ಮುಂಜಾನೆ ಗೋಕಾಕದಿಂದ ಸುದ್ದಿ ಬಂತು. ಅಪ್ಪ ಹೋದ.” ಅಲ್ಲಿಂದ ಮುಂದೆ ಹದಿಮೂರು ದಿನ ಹಾಲಿನ ಲೆಕ್ಕವೂ ಇಲ್ಲ.

ವಕೀಲರು ಅದನ್ನು ಎರಡು ಸಲ ಓದಿ, “ಇದನ್ನ ಜ್ವಾಕಿ ಮಾಡ್ರಿ, ಇದ ಕೆಲಸಕ್ಕ ಬರತೈತಿ” ಎಂದರು. ಓಣಿಯ ಇಬ್ಬರು ಹಿರಿಯರ ಸಾಕ್ಷಿಯೊಂದಿಗೆ ಆ ವಹಿಯೂ ಕೋರ್ಟಿಗೆ ಹೋಯಿತು. ತಿಂಗಳುಗಟ್ಟಲೆ ಅಲೆದ ಮೇಲೆ ಹುಕುಂ ಬಂತು, ಮರಣದ ದಾಖಲಾ ಬಂತು. ಪರಿಹಾರದ ಹೊತ್ತು ಅಷ್ಟರಲ್ಲಿ ಮುಗಿದಿತ್ತು. ಗೋಡೆಯನ್ನು ನಾವು ಸಾಲ ಮಾಡಿ ಕಟ್ಟಿಸಿದೆವು.

ವಾರಸಾಕ್ಕೆ ಹೆಸರು ಬರೆಸುವಾಗ ಇನ್ನೊಂದು ಮಾತು ಎದ್ದಿತು. ಹಿರಿಯ ಭಾವನವರು, “ತಂಗಿದು ಹುಕ್ಕೇರ್ಯಾಗ ಮನಿ ಐತಲ್ಲ, ಇಲ್ಲಿ ಆಕಿ ಹೆಸರ ಯಾಕ?” ಎಂದರು. ಕೆಟ್ಟವರಲ್ಲ, ರೂಢಿಯ ಮಾತು ಆಡಿದರು. ತಂದೆ ಸ್ವಂತ ಗಳಿಸಿದ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರಲ್ಲಿ ತಿದ್ದುಪಡಿಯಾಯಿತು. ಆಗ ತಂದೆ ಬದುಕಿರದಿದ್ದರೂ ಹಕ್ಕು ಇದ್ದೇ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟಿದ್ದರೂ ತವರಿಗೆ ಕರೆದು, ಉಡಿ ತುಂಬಿ, ಸೀರೆ ಕೊಟ್ಟು, ‘ಹಕ್ಕು ಬಿಟ್ಟ ಪತ್ರ’ಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಮೂರೂ ಊರುಗಳಲ್ಲಿ ಈಗಲೂ ನಡೆಯುತ್ತದೆ. ಸಹಿ ಹಾಕುವುದು ಬಿಡುವುದು ನಿಮ್ಮ ಇಚ್ಛೆ. ಓದದೆ ಹಾಕಬೇಡಿ ಎಂದಷ್ಟೇ ನನ್ನ ಮಾತು.

ಅತ್ತೆ ಕಾಯಿದೆ ಗೀಯಿದೆ ಅನ್ನಲಿಲ್ಲ. “ನಿಮ್ಮಪ್ಪ ಸತ್ತ ತಾರೀಖ ನೀವಿಬ್ಬರೂ ಬರದ ಇಟ್ಟಿರಿ? ಇಟ್ಟಾಕಿ ಆಕಿ. ಆಕಿ ಹೆಸರ ಮೊದಲ ಹಾಕಸ್ರಿ” ಎಂದರು. ಭಾವನವರು ಮುಂದೆ ಮಾತಾಡಲಿಲ್ಲ. ನಮ್ಮವರು ಒಳಗೆ ಹೋಗಿ ನೀರು ಕುಡಿದು ಬಂದರು.

ಈಗ ಕಾಲ ಇನ್ನೂ ಬಿಗಿಯಾಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸಾಲಿ, ಮತದಾರರ ಪಟ್ಟಿ, ಪಾಸ್‌ಪೋರ್ಟು ಎಲ್ಲಕ್ಕೂ ಜನನ ದಾಖಲೆಯೇ ಆಧಾರ. ಜೂನ್ 1 ಕೊಡುವ ಮಾಸ್ತರರು ಇನ್ನು ಸಿಗುವುದಿಲ್ಲ. ಮಗಳ ಬಾಣಂತನದ ಗಡಿಬಿಡಿಯಲ್ಲಿ ಕೂಸಿನ ಹೆಸರಿಲ್ಲದೆಯೇ ಜನನ ಬರೆಸಿದ್ದರೆ ಗಾಬರಿ ಬೇಡ. ಒಂದು ವರುಷದೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ, ಆಮೇಲೆ ಹದಿನೈದು ವರುಷದವರೆಗೆ ತಡದ ಶುಲ್ಕ ಕಟ್ಟಬೇಕು. ಹೆಸರಿನ ಅಕ್ಷರವನ್ನು ಅಲ್ಲೇ ನಿಂತು ಓದಿ ನೋಡಿ. ಅಪ್ಪನ ಹೆಸರಿನಷ್ಟೇ ಅವ್ವನ ಹೆಸರೂ ಸರಿಯಿರಲಿ. ನೆರೆಹೊರೆಯಲ್ಲಿ ಮನೆಯಲ್ಲೇ ಸಾವಾದರೆ, ಚಹಾ ಕಾಯಿಸಿ ಕೊಡುವ ಕೈಯಿಂದಲೇ ಆ ಮನೆಯವರಿಗೆ 21 ದಿನದ ಮಾತನ್ನೂ ಮೆತ್ತಗೆ ತಿಳಿಸಿ.

ಹೊಸ ಉತಾರ ಕೈಗೆ ಬಂದ ದಿನ ಅತ್ತೆ ನನ್ನನ್ನು ಕರೆದು, “ಓದವಾ” ಎಂದರು. ನಾಲ್ಕು ಹೆಸರು ಓದಿದೆ. “ನಂದು ಯಾವ ಹೆಸರ ಬರದಾರ?” ಎಂದು ಕೇಳಿದರು. ತವರಿನದೂ ಇತ್ತು, ಈ ಮನೆಯದೂ ಇತ್ತು, ನಡುವೆ ಒಂದು ‘ಉರ್ಫ್’. ಆ ತವರಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕರೆದವರಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮೊದಲಿನದು ಇನ್ನೊಮ್ಮೆ ಓದು” ಎಂದರು.