ಕ್ಷಮಾಪಣೆ ಪತ್ರ ಮತ್ತು ಖಾಲಿ ಪಾಸ್‌ಬುಕ್ಕು



ಹೋದ ವಾರ ಸಂಘಟನೆಯ ತಮ್ಮನೊಬ್ಬ ಫೋನ್ ಮಾಡಿ, "ಅಣ್ಣ, ಕೆಲಸ ಹೋಯ್ತು, ಬಾಡಿಗೆಗೂ ಕಾಸಿಲ್ಲ" ಅಂದ. ಅವನ ಜೊತೆ ಮಾತಾಡ್ತಾ ನನ್ನದೇ ಒಂದು ಹಳೇ ವಿಷಯ ನೆನಪಾಯ್ತು. ಇದುವರೆಗೂ ಯಾರಿಗೂ ಹೇಳಿರಲಿಲ್ಲ, ಇವತ್ತು ಬರೀತಿದೀನಿ.

ಆಗ ನಾನು ಒಂದು ಖಾಸಗಿ ಸಂಸ್ಥೆಯಲ್ಲಿ ಗುಮಾಸ್ತ. ಕಸ ಗುಡಿಸೋ ಅಮ್ಮನಿಗೆ ಅಲ್ಲಿ ಟೀಗೆ ಬೇರೆ ಲೋಟ, ಅದೂ ಬಚ್ಚಲ ಕಿಟಕಿ ಮೇಲೆ. ನಾನು ಲಿಖಿತವಾಗಿ ದೂರು ಕೊಟ್ಟೆ. ಮುಂದಿನ ತಿಂಗಳು "ಲೆಕ್ಕದಲ್ಲಿ ತಕರಾರಿದೆ" ಅಂತ ನನ್ನ ಸಂಬಳ ನಿಂತಿತು. ಮೊದಲ ತಿಂಗಳು ಹುರುಪಿತ್ತು. ಎರಡನೇ ತಿಂಗಳು ಹೆಂಡತಿಯ ಓಲೆ ಗಿರವಿ ಅಂಗಡಿ ಸೇರಿತು. ಮೂರನೇ ತಿಂಗಳು ಮಗಳ ಫೀಸು, ಬಾಡಿಗೆ, ವಾರದ ಸಾಲದ ಕಂತು ಎಲ್ಲ ಒಟ್ಟಿಗೆ ಬಾಗಿಲಿಗೆ ಬಂದವು. "ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟಿದ್ದೆ, ಕ್ಷಮಿಸಿ" ಅಂತ ಬರೆದು ಸಹಿ ಹಾಕಿದೆ. ಸಂಬಳ ಬಂತು. ಲೋಟ ಕಿಟಕಿ ಮೇಲೇ ಉಳೀತು. ಆ ಅಮ್ಮ, "ಇರ್ಲಿ ಬಿಡಪ್ಪ, ನಿನಗೂ ಮಕ್ಳು ಮರಿ ಇದಾವೆ" ಅಂದ್ರು.

ನಾಲ್ಕು ತಿಂಗಳ ಖರ್ಚಿಗೆ ದುಡ್ಡಿದ್ದಿದ್ರೆ ಆ ಸಹಿ ಹಾಕ್ತಿರಲಿಲ್ಲ.

ಕಷ್ಟ ಬಂದ್ರೆ ಮಾರೋಕೆ ನಮಗೆ ಅಜ್ಜನ ಜಮೀನಿಲ್ಲ. ಇರೋದೊಂದು ಸಂಬಳ. ಅದನ್ನೇ ನಂಬಿ ಊರಲ್ಲಿ ಅವ್ವ, ತಮ್ಮ, ಅಕ್ಕನ ಮಕ್ಕಳು. ಉಳಿಸೋದೆಲ್ಲಿ ಅಂತ ನಾನೂ ಕೇಳ್ತಿದ್ದೆ. ಹೋರಾಟಗಾರ ದುಡ್ಡಿನ ಮಾತಾಡಬಾರದು ಅನ್ನೋ ಬಿಂಕ ಬೇರೆ. 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೇ ಪುಸ್ತಕ ಬರೆದವರು ಬಾಬಾಸಾಹೇಬರು. ಅವರ ಫೋಟೋ ಗೋಡೆ ಮೇಲಿಟ್ಟುಕೊಂಡ ನಾನು ಒಂದು ದಿನವೂ ಮನೆ ಲೆಕ್ಕ ಬರೆದಿರಲಿಲ್ಲ.

ಆಮೇಲೆ ಮಾಡಿದ್ದಿಷ್ಟು. ಮೊದಲು ವಾರದ ಕಂತಿನ ಸಾಲ ತೀರಿಸಿದೆ, ಹೊಸದು ತಗೊಳ್ಳಲಿಲ್ಲ. ಪೋಸ್ಟಾಫೀಸಲ್ಲಿ ತಿಂಗಳಿಗೆ 500ರ ಆರ್‌ಡಿ ಶುರು ಮಾಡಿದೆ. 100 ರೂಪಾಯಿಗೂ ಆಗುತ್ತೆ, ಅವಧಿ 5 ವರ್ಷ. ಆದ್ರೆ ಅದನ್ನ 3 ವರ್ಷದ ತನಕ ಮುರಿಯಕ್ಕಾಗಲ್ಲ. ಹಾಗಾಗಿ ತುರ್ತಿಗೆ ಅಂತಲೇ ಬೇರೆ ಉಳಿತಾಯ ಖಾತೆ, ಎಟಿಎಂ ಕಾರ್ಡ್ ಇಲ್ಲದೆ. ಬ್ಯಾಂಕಲ್ಲೇ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ. ಪ್ರಧಾನಮಂತ್ರಿ ಹೆಸರಿನ ಈ ಎರಡರಲ್ಲೂ ಮೊತ್ತ 2 ಲಕ್ಷ. ಜೀವ ವಿಮೆಗೆ 50 ವರ್ಷದೊಳಗೇ ಸೇರಬೇಕು. ಮೇ ಕೊನೆಗೆ ಕಂತು ಕಡಿತವಾಗುತ್ತೆ, ಖಾತೆಯಲ್ಲಿ ಅಷ್ಟು ಇರೋ ಹಾಗೆ ನೋಡ್ಕೊಳ್ಳಿ. ಎಲ್ಲಾ ಖಾತೆಗೂ ನಾಮಿನಿ ಬರೆಸಿ, ಕಾಗದ ಎಲ್ಲಿವೆ ಅಂತ ಮನೆಯವರಿಗೆ ತೋರಿಸಿ.

ಉಳಿತಾಯದಿಂದ ಜಾತಿ ಹೋಗಲ್ಲ. ಅಂದಿನ ಕೂಲಿ ಅಂದಿಗೇ ಮುಗಿಯೋರಿಗೆ "ಉಳಿಸಿ" ಅನ್ನೋದು ಗಾಯಕ್ಕೆ ಉಪ್ಪು ಹಾಕಿದಂಗೆ. ಅದಕ್ಕೇ ಸಂಬಳ ಬರೋ ನಾವು ಹತ್ತು ಜನ ತಿಂಗಳಿಗೆ 200 ಹಾಕಿ ಒಂದು ಗಂಟು ಮಾಡಿದೀವಿ. ಆ ತಮ್ಮನ ಬಾಡಿಗೆ ಹೋಗಿದ್ದು ಅದರಿಂದಲೇ. ನಿಮ್ಮ ನಿಮ್ಮ ಊರಲ್ಲೂ ಇದನ್ನ ಮಾಡಿ, ಲೆಕ್ಕ ಎಲ್ಲರಿಗೂ ಕಾಣೋ ಹಾಗಿರಲಿ.

ಹೋದ ವರ್ಷ ಈಗಿನ ಆಫೀಸಲ್ಲಿ ಇನ್ನೊಂದು ದೂರಿಗೆ ಸಹಿ ಹಾಕಿದೆ. ಕೈ ನಡುಗಿತು ನಿಜ. ವಾಪಸ್ ತಗೊಂಡಿಲ್ಲ.

ಜೈ ಭೀಮ್.