ನಿಧಾನ ಎಲ್ಲಿ ಉಂಟು?

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ನಿಧಾನವೆಂಬುದು ಹೊಸ ಸಂಗತಿಯಲ್ಲ. ಪಾಸ್‌ಬುಕ್ ಹಿಡಿದು ಬಂದವರು ಬಾಯಿ ತೆರೆಯುವ ಮೊದಲೇ "ಸರ್ವರ್ ಸ್ಲೋ ಉಂಟು" ಎಂದುಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮನೆಯಲ್ಲಿ ಮಾತ್ರ ಈ ಮಂತ್ರ ಫಲಿಸುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಗಳು, "ಅಪ್ಪಾ, ಗೇಮ್ ಭಾರೀ ಸ್ಲೋ ಆಗ್ತಾ ಉಂಟು. ಎಂತ ಅಂತ ಸ್ವಲ್ಪ ನೋಡಿ" ಎಂದಳು. ಬಿ.ಎ.ಯಲ್ಲಿ ನಾನು ಓದಿದ ಇತಿಹಾಸದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಸಂಗತಿ ಇಷ್ಟು. 2006ರಲ್ಲಿ ಭಾವ ದುಬಾಯಿಯಿಂದ ರಜೆಗೆ ಬಂದಾಗ ಒಂದು ಪ್ಲೇಸ್ಟೇಷನ್ 2 ತಂದಿದ್ದರು. 2000ದಲ್ಲಿ ಜಪಾನಿನಲ್ಲಿ ಹೊರಬಂದು, ಜಗತ್ತಿನಲ್ಲೆಲ್ಲ 15 ಕೋಟಿಗೂ ಹೆಚ್ಚು ಮಾರಾಟವಾದ ಆಟದ ಪೆಟ್ಟಿಗೆ ಅದು. ನಮ್ಮ ಕಡಲ ಕರೆಯ ಉಪ್ಪು ಗಾಳಿಗೋ ಏನೋ, ಕೆಲವು ವರ್ಷಗಳಲ್ಲಿ ಅದು ಡಿಸ್ಕ್ ಓದುವುದನ್ನು ನಿಲ್ಲಿಸಿತು. ಡಿಸ್ಕುಗಳು ಮಾತ್ರ ಕಪಾಟಿನಲ್ಲಿ ಉಳಿದವು. ಮಗಳು ಅವುಗಳಲ್ಲಿ ಒಂದನ್ನು, ಕಾರಿನ ಪಂದ್ಯದ ಆಟವನ್ನು, ತನ್ನ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಮೂಲಕ ಆಡಲು ಹೊರಟಿದ್ದಳು. ಎಮ್ಯುಲೇಟರ್ ಎಂದರೆ ಕಂಪ್ಯೂಟರಿಗೆ ಹಳೆಯ ಪೆಟ್ಟಿಗೆಯ ವೇಷ ಕಟ್ಟುವ ತಂತ್ರಾಂಶ. ವೇಷವೇನೋ ಚೆನ್ನಾಗಿಯೇ ಇತ್ತು, ಕುಣಿತ ಮಾತ್ರ ಬರಲಿಲ್ಲ. ಕಾರು ಜಾತ್ರೆಯ ತೇರಿನಂತೆ ಚಲಿಸುತ್ತಿತ್ತು, ಹಾಡು ರಾಗ ಎಳೆಯುತ್ತಿತ್ತು. ಪರದೆಯ ಮೂಲೆಯಲ್ಲಿ ವೇಗ ಶೇ. 60 ಎಂದು ತೋರುತ್ತಿತ್ತು.

ನನಗೆ ಆಶ್ಚರ್ಯವಾಯಿತು. ಹಳೆಯ ಪೆಟ್ಟಿಗೆಯ ಮುಖ್ಯ ಪ್ರೊಸೆಸರಿನ ವೇಗ ಸುಮಾರು 294 ಮೆಗಾಹರ್ಟ್ಸ್, ನೆನಪಿನ ಶಕ್ತಿ 32 ಎಂ.ಬಿ. ಲ್ಯಾಪ್‌ಟಾಪಿನದು ವೇಗದಲ್ಲಿ ಅದರ ಹತ್ತು ಪಟ್ಟು. ಆನೆ ಆಡಿನ ಹೊರೆಗೆ ಬಳಲುವುದುಂಟೇ?

ನಾಲ್ಕು ಸಂಜೆ ಕೂತು ಓದಿದ ಮೇಲೆ ತಿಳಿಯಿತು, ಇದು ಹೊರೆಯ ಮಾತಲ್ಲ, ಭಾಷೆಯ ಮಾತು. ಆ ಪೆಟ್ಟಿಗೆಯ ಪ್ರೊಸೆಸರಿನ ಭಾಷೆ ಒಂದು, ನಮ್ಮ ಕಂಪ್ಯೂಟರಿನದು ಇನ್ನೊಂದು. ಆಟದ ಪ್ರತಿಯೊಂದು ಆಜ್ಞೆಯನ್ನೂ ಭಾಷಾಂತರ ಮಾಡಬೇಕು. ಸಾಲದ್ದಕ್ಕೆ ಆ ಪೆಟ್ಟಿಗೆಯೊಳಗೆ ಮುಖ್ಯ ಪ್ರೊಸೆಸರಿನ ಜೊತೆ ಎರಡು ವೆಕ್ಟರ್ ಘಟಕಗಳು, ಚಿತ್ರಕ್ಕೊಂದು, ಧ್ವನಿಗೊಂದು ಎಂದು ಹಲವರ ಸಂಸಾರ. ಎಲ್ಲರ ಮಾತನ್ನೂ ತಾಳ ತಪ್ಪದಂತೆ ಒಬ್ಬನೇ ತರ್ಜುಮೆ ಮಾಡಬೇಕು. ಬಂದ ಆಜ್ಞೆಯನ್ನು ಪ್ರತಿ ಸಲವೂ ಹೊಸತಾಗಿ ಭಾಷಾಂತರಿಸಿದರೆ ಬಹಳ ನಿಧಾನ. ಆದ್ದರಿಂದ ಒಳ್ಳೆಯ ಎಮ್ಯುಲೇಟರುಗಳು ಒಂದು ತುಣುಕನ್ನು ಒಮ್ಮೆ ಭಾಷಾಂತರಿಸಿ ಇಟ್ಟುಕೊಳ್ಳುತ್ತವೆ. ಅದೇ ತುಣುಕು ಮತ್ತೆ ಬಂದಾಗ ಇಟ್ಟದ್ದನ್ನೇ ತೆಗೆದು ಬಳಸುತ್ತವೆ.

ಓದುತ್ತ ನನಗೆ ಪಯ್ಯನ್ನೂರು ಶಾಖೆಗೆ ವರ್ಗವಾದ ಮೊದಲ ವರ್ಷ ನೆನಪಾಯಿತು. ಗ್ರಾಹಕರು ಮಲಯಾಳದಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದು, ಇಂಗ್ಲಿಷ್ ಫಾರಮಿನಲ್ಲಿ ತುಂಬಿ, ತಿರುಗಿ ಮಲಯಾಳದಲ್ಲಿ ಉತ್ತರ ಹೇಳುವಷ್ಟರಲ್ಲಿ "ಸಾರೇ, ಒನ್ನು ವೇಗಂ" ಎಂದು ಸಾಲು ಗೊಣಗುತ್ತಿತ್ತು. ನನ್ನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಆದರೂ ನಾನು 'ನಿಧಾನದ ಸಾರ್'.

ಇನ್ನು ರಿಪೇರಿ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾದೀತೆಂದು ನಾನು ಹೆದರಿದ್ದೆ. "ಮೊದಲು ನಿಧಾನ ಎಲ್ಲಿ ಉಂಟು ಅಂತ ನೋಡುವ ಅಪ್ಪಾ" ಎಂದಳು ಮಗಳು. ಚಿತ್ರದ ಸ್ಪಷ್ಟತೆಯನ್ನು ಅವಳು ಮೂಲದ ನಾಲ್ಕು ಪಟ್ಟಿಗೆ ಏರಿಸಿಟ್ಟಿದ್ದಳು. ಅಗಲದಲ್ಲಿ ನಾಲ್ಕು, ಎತ್ತರದಲ್ಲಿ ನಾಲ್ಕು, ಎಂದರೆ ಚುಕ್ಕೆಗಳು 16 ಪಟ್ಟು. ಅದನ್ನು ಮೂಲಕ್ಕೇ ಇಳಿಸಿದೆವು. ವೇಗ ಕದಲಲಿಲ್ಲ. ಹಾಗಾದರೆ ತೊಂದರೆ ಚಿತ್ರ ಬರೆಯುವಲ್ಲಿ ಅಲ್ಲ, ಭಾಷಾಂತರ ಮಾಡುವ ಪ್ರೊಸೆಸರಿನಲ್ಲಿ. ನೋಡಿದರೆ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಕ್ರಮದಲ್ಲಿತ್ತು! ಚಾರ್ಜರ್ ಸಿಕ್ಕಿಸಿ ಕ್ರಮ ಬದಲಿಸಿದಾಗ ಶೇ. 85 ಆಯಿತು. ಹದಿನೈದು ನಿಮಿಷದಲ್ಲಿ ಮತ್ತೆ 70. ತಳ ಮುಟ್ಟಿದರೆ ದೋಸೆಕಲ್ಲು. ಕಾವು ಏರಿದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದಂತೆ. ರಿಪೇರಿ ಅಂಗಡಿಯ ಹುಡುಗ ಬೆನ್ನು ಬಿಚ್ಚಿ, ಫ್ಯಾನಿಗೆ ಅಂಟಿದ್ದ ಧೂಳನ್ನೂ ನಮ್ಮ ಬೆಕ್ಕಿನ ರೋಮವನ್ನೂ ತೆಗೆದುಕೊಟ್ಟ. ಆಮೇಲೆ ಪೂರ್ತಿ 100.

ನಡುವೆ ಒಂದು ಅಡ್ಡದಾರಿಯೂ ಕಂಡಿತ್ತು. ಕೆಲವು ಆವರ್ತಗಳನ್ನು ಹಾರಿಸಿಬಿಡುವ ಸೆಟ್ಟಿಂಗ್. ಅದನ್ನು ಹಾಕಿದೊಡನೆ ಅಂಕಿ ಪೂರ್ತಿಯಾಯಿತು, ಆದರೆ ಕಾರು ಕಪ್ಪೆಯಂತೆ ನೆಗೆಯತೊಡಗಿತು. ಗೈಡ್ ಬಾಯಿಪಾಠ ಮಾಡಿ ತೆಗೆದ ಮಾರ್ಕಿನ ಹಾಗೆ.

"ಆದ್ರೂ ನಮ್ಮದು 50 ಫ್ರೇಮ್ ಮಾತ್ರ, ಫ್ರೆಂಡಿನ ಮನೇಲಿ 60 ಬರ್ತದೆ" ಎಂದು ಮಗಳು ಮುಖ ಸಣ್ಣದು ಮಾಡಿದಳು. ಇದಕ್ಕೂ ಕಾರಣವಿತ್ತು. ಭಾವ ತಂದದ್ದು ಪಾಲ್ ಪದ್ಧತಿಯ ಡಿಸ್ಕ್. ಗಲ್ಫಿನ ಟಿ.ವಿ.ಯೂ ನಮ್ಮ ಹಳೆಯ ಟಿ.ವಿ.ಯೂ ಆ ಪದ್ಧತಿಯವು, ಸೆಕೆಂಡಿಗೆ 50ರ ಲೆಕ್ಕ. ಅಮೆರಿಕ, ಜಪಾನುಗಳದು 60. "ಇದಕ್ಕೆ 50 ಅಂದರೇ ಪೂರ್ತಿ, ಮಗಾ" ಎಂದೆ.

ಹೇಳಿದ ಮೇಲೆ ನನಗೇ ಚುಚ್ಚಿತು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಅವಳು ಪ್ಲಸ್ ವನ್ ಸೇರಿದ್ದಳು. ಪುಸ್ತಕ ಇಂಗ್ಲಿಷಿನದು, ತರಗತಿಯಲ್ಲಿ ವಿವರಣೆ ಮಲಯಾಳದಲ್ಲಿ. ಮೊದಲ ಟರ್ಮಿನಲ್ಲಿ ಭೌತಶಾಸ್ತ್ರದ ಅಂಕ ಇಳಿದಾಗ, "ನೀನು ಭಾರೀ ಸ್ಲೋ" ಎಂದಿದ್ದೆ ನಾನು. ಅವಳು ಉತ್ತರ ಕೊಟ್ಟಿರಲಿಲ್ಲ. ಲ್ಯಾಪ್‌ಟಾಪಿಗೆ ಕೊಟ್ಟ ನಾಲ್ಕು ಸಂಜೆಯನ್ನು ಮಗಳಿಗೆ ಕೊಟ್ಟಿರಲಿಲ್ಲ ನಾನು.

ಆ ರಾತ್ರಿ ಅವಳ ಪುಸ್ತಕ ತೆಗೆಸಿದೆ. "ನಿಧಾನ ಎಲ್ಲಿ ಉಂಟು ಅಂತ ನೋಡುವ" ಎಂದೆ. ಲೆಕ್ಕದಲ್ಲಿ ಇರಲಿಲ್ಲ. ಟೀಚರ್ 'ತ್ವರಣಂ' ಎನ್ನುತ್ತಾರೆ, ಪುಸ್ತಕದಲ್ಲಿ 'ಆಕ್ಸಿಲರೇಶನ್', ಅವಳ ತಲೆಯಲ್ಲಿರುವುದು 'ವೇಗೋತ್ಕರ್ಷ'. 'ಆಕ್ಕಂ' ಎಂದರೆ 'ಸಂವೇಗ' ಎಂದು ಹೊಳೆಯುವಷ್ಟರಲ್ಲಿ ಬೋರ್ಡು ಒರೆಸಿ ಆಗಿರುತ್ತದೆ.

ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದೆವು. ಒಮ್ಮೆ ಭಾಷಾಂತರಿಸಿ ಇಟ್ಟುಕೊಂಡರೆ ಆಯಿತಲ್ಲ. ಈಗ 140 ಶಬ್ದಗಳಾಗಿವೆ. ಎರಡನೆಯ ಟರ್ಮಿನ ಅಂಕ ಇನ್ನೂ ಬಂದಿಲ್ಲ. ಬರಲಿ, ನಿಧಾನಕ್ಕೆ.