ಹಬ್ಬದ ಮರುದಿನದ ಕಸ



ಹಬ್ಬದ ಸಂಭ್ರಮವನ್ನು ವರ್ಣಿಸುವವರು ಅನೇಕರು. ಹಬ್ಬ ಮುಗಿದ ಮೇಲೆ ಪೊರಕೆ ಹಿಡಿಯುವವರನ್ನು ನೆನೆಯುವವರು ವಿರಳ. ಒಣಗಿದ ಮಾವಿನ ತೋರಣವನ್ನು ಬಿಚ್ಚುವ ಕೈಗಳನ್ನು, ಜಾತ್ರೆಯ ಮರುದಿನ ಪ್ರಸಾದದ ಎಲೆಗಳನ್ನು ಎತ್ತುವ ಕೈಗಳನ್ನು ನಾವು ಕಂಡೂ ಕಾಣದವರಂತೆ ಇರುತ್ತೇವೆ. ನಾನೂ ಹಾಗೆಯೇ ಇದ್ದವನು. ಈ ಸಂಗತಿ ನನಗೆ ಮನದಟ್ಟಾದುದು 2024ರ ಜನವರಿ ಮೊದಲ ವಾರದಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ, ನೆಲದ ಮೇಲೆ ಕುಳಿತು ಪೈನ್ ಮರದ ಎಲೆಗಳನ್ನು ಆರಿಸುತ್ತಿದ್ದಾಗ. ಅದನ್ನು ಮುಚ್ಚುಮರೆಯಿಲ್ಲದೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಕ್ಕ ಉದ್ಯೋಗಕ್ಕೆಂದು ಆ ದೇಶಕ್ಕೆ ಹೋದವಳು. 2012ರಲ್ಲಿ ಅಲ್ಲಿಯವರೇ ಆದ, ಕ್ರೈಸ್ತ ಮನೆತನದ ಒಬ್ಬರನ್ನು ವಿವಾಹವಾದಳು. ಅಪ್ಪ ಅವ್ವ ಮೊದಮೊದಲು ನೊಂದರೂ ಕ್ರಮೇಣ ಒಪ್ಪಿಕೊಂಡರು. ಒಪ್ಪದವನು ನಾನೊಬ್ಬನೇ. ವೇದಿಕೆಯ ಮೇಲೆ ನಿಂತು ಕುಲಭೇದ ಸಲ್ಲದೆಂದು ಶರಣರ ಮಾತನ್ನು ವಿವರಿಸುತ್ತಿದ್ದ ನಾನು, ಒಡಹುಟ್ಟಿದವಳ ಹೊಸ್ತಿಲನ್ನು ಹನ್ನೊಂದು ವರ್ಷ ತುಳಿದಿರಲಿಲ್ಲ. 2023ರ ಶ್ರಾವಣದಲ್ಲಿ ಅವ್ವ ಲಿಂಗೈಕ್ಯಳಾದಳು. ಅಕ್ಕನಿಗೆ ಅಂತ್ಯದರ್ಶನಕ್ಕೆ ಬಂದು ತಲುಪಲಾಗಲಿಲ್ಲ. ಕಾರ್ತಿಕ ಕಳೆದ ಮೇಲೆ ಆಕೆ ಫೋನ್ ಮಾಡಿ, “ಒಮ್ಮೆ ಬಂದು ಹೋಗೋ ತಮ್ಮಾ, ಅವ್ವನ ಕಡೆಯವರಂತ ಯಾರರೆ ನನ್ನ ಮನಿಗೆ ಬರ್ಲಿ” ಎಂದಳು. ಪೂಜ್ಯರ ಅನುಮತಿ ಬೇಡಿದೆ. “ಹೋಗಿ ಬಾ. ಅಲ್ಲಿ ಮಾತ್ರ ಉಪನ್ಯಾಸ ಮಾಡಬೇಡ” ಎಂದು ನಕ್ಕರು. ಆ ನಗೆಯ ಅರ್ಥ ಆಗ ನನಗೆ ತಿಳಿಯಲಿಲ್ಲ.

ಡಿಸೆಂಬರ್ ಮೂರನೆಯ ವಾರದಲ್ಲಿ ನಾನು ತಲುಪಿದಾಗ ಪಡಸಾಲೆಯ ಮೂಲೆಯಲ್ಲಿ ಆಳೆತ್ತರದ ಕ್ರಿಸ್‌ಮಸ್ ಮರವೊಂದು ನಿಂತಿತ್ತು. ಅದು ಬಿಳಿ ಪೈನ್ ಎಂಬ ಜಾತಿ. ಅದರ ಎಲೆಗಳು ಸೂಜಿಯಂತೆ ಸಪೂರ, ಬೆರಳುದ್ದ, ಮೃದು. ಐದೈದು ಒಂದೇ ಬುಡದಿಂದ ಹೊರಟು ಪುಟ್ಟ ಗೊಂಚಲಾಗಿರುತ್ತವೆ. ಇಂಥ ಮರಗಳನ್ನು ಅಲ್ಲಿ ತೋಟಗಳಲ್ಲಿ ಬೆಳೆಯುತ್ತಾರೆ. ಆಳೆತ್ತರ ಬರಲು ಹಲವಾರು ವರ್ಷ ಬೇಕು. ಬೇರಿಲ್ಲದ ಆ ಮರವನ್ನು ಕಬ್ಬಿಣದ ಕಾಲಿನ ಬೋಗುಣಿಯಲ್ಲಿ ನಿಲ್ಲಿಸಿ ದಿನವೂ ನೀರೆರೆಯಬೇಕು. ಕಡಿದ ಬುಡ ಸದಾ ನೀರಿನಲ್ಲಿ ಮುಳುಗಿರಬೇಕು. ಒಮ್ಮೆ ನೀರು ತಳ ಕಂಡಿತೆಂದರೆ ಮರದ ಅಂಟು ಬುಡದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ನೀರು ಹೊಯ್ದರೂ ಮರ ಕುಡಿಯದು. ಇದನ್ನೆಲ್ಲ ನನಗೆ ವಿವರಿಸಿದವಳು ಅಕ್ಕನ ಏಳು ವರ್ಷದ ಮಗಳು. ನೀರೆರೆಯುವುದು ಆಕೆಯ ಪಾಲಿನ ಕೆಲಸವಾಗಿತ್ತು.

ಮರದ ಪಕ್ಕದ ಗೋಡೆಯ ಮೇಲೆಯೇ ಅವ್ವನ ಭಾವಚಿತ್ರವಿತ್ತು. ಅದನ್ನು ಕಂಡು ನನ್ನ ಮನಸ್ಸು ಕಹಿಯಾಯಿತು. ಮರವನ್ನು ಮನೆಯೊಳಗೆ ಸಿಂಗರಿಸುವುದು 16ನೆಯ ಶತಮಾನದ ಸುಮಾರಿಗೆ ಜರ್ಮನ್ ನಾಡುಗಳಲ್ಲಿ ರೂಢಿಗೆ ಬಂದ ಮನೆಯಾಚಾರವೆಂದೂ, ಹಿಮಗಾಲದಲ್ಲೂ ಹಸಿರಾಗಿರುವ ಮರ ಅವರಿಗೆ ಭರವಸೆಯ ಗುರುತೆಂದೂ ಭಾವನವರು ಸೌಮ್ಯವಾಗಿ ತಿಳಿಸಿದರು. ನಾನು ತಲೆದೂಗಿದೆ, ಒಳಗೊಳಗೆ ಬಿಗಿದುಕೊಂಡೇ ಇದ್ದೆ.

ಹಬ್ಬದ ಎರಡು ದಿನಗಳ ನಂತರ ಮನೆಯವರೆಲ್ಲ ಭಾವನವರ ತಾಯಿತಂದೆಯರ ಊರಿಗೆ ಹೊರಟರು. ನನ್ನನ್ನೂ ಕರೆದರು. ಚಳಿಯ ನೆಪವೊಡ್ಡಿ ಉಳಿದೆ. ಹೊರಡುವಾಗ ಮಗು, “ಮಾಮಾ, ಗಿಡಕ್ಕ ನೀರು ಹಾಕ್ತೀಯಲ್ಲಾ?” ಎಂದು ಕೇಳಿತು. ಹೂಂ ಎಂದೆ. ಮೂರು ದಿನ ಆ ಪಡಸಾಲೆಯಲ್ಲಿ ಕುಳಿತು ಗ್ರಂಥ ಓದಿದೆ. ಒಂದು ತಂಬಿಗೆ ನೀರನ್ನೂ ಎರೆಯಲಿಲ್ಲ. ಮರೆತೆನೆಂದರೆ ಸುಳ್ಳಾಗುತ್ತದೆ. ಅದು ನನ್ನ ಹಬ್ಬವಲ್ಲ, ನನ್ನ ಕೆಲಸವಲ್ಲ ಎಂಬ ಭಾವ ನನ್ನ ಕೈಯನ್ನು ತಡೆದಿತ್ತು.

ಮರಳಿ ಬಂದವರು ಬೋಗುಣಿ ಒಣಗಿದ್ದನ್ನು ಕಂಡು ನೀರು ತುಂಬಿದರು. ಮರುದಿನ ನೋಡಿದರೆ ನೀರು ಹೊಯ್ದಷ್ಟೇ ಇತ್ತು. ಮನೆಯನ್ನು ಬೆಚ್ಚಗಿಡುವ ಯಂತ್ರದ ಒಣಗಾಳಿಗೆ ಮರ ದಿನೇ ದಿನೇ ಬಣ್ಣಗೆಟ್ಟಿತು. “ಈ ವರ್ಷದ ಮರ ಬೇಗ ಒಣಗಿತು” ಎಂದು ಭಾವನವರು ಹೇಳಿದಾಗ ನಾನು ಪುಟ ತಿರುವುತ್ತ ಮೌನವಾಗಿದ್ದೆ.

ಕ್ರಿಸ್‌ಮಸ್‌ನ ಹನ್ನೆರಡು ದಿನಗಳು ಕಳೆದು ಜನವರಿ 6 ಬಂದಾಗ ಅನೇಕ ಮನೆಗಳಲ್ಲಿ ಮರವನ್ನು ತೆಗೆಯುವ ವಾಡಿಕೆ. ಅಂದು ಶನಿವಾರ. ದೀಪದ ಸರ, ಗಾಜಿನ ಗುಂಡುಗಳನ್ನು ಬಿಚ್ಚಿ, ಬೋಗುಣಿಯ ನೀರನ್ನು ಬಟ್ಟೆಯಿಂದ ಹೀರಿ ತೆಗೆದು, ಮರಕ್ಕೆ ಹಳೆಯ ಹಾಸುಹೊದಿಕೆ ಸುತ್ತಿ, ಬುಡ ಮುಂದಾಗಿ ಬಾಗಿಲು ದಾಟಿಸಿದರು. ಹಾಗೆ ಸಾಗಿಸಿದರೆ ಕೊಂಬೆಗಳು ಹಿಂದಕ್ಕೆ ಮಡಿಯುತ್ತವೆ, ಚೌಕಟ್ಟಿಗೆ ತಾಗಿ ಎಲೆ ಉದುರುವುದು ಕಡಿಮೆಯಾಗುತ್ತದೆ. ಆದರೆ ಒಣಗಿದ ಮರಕ್ಕೆ ಯಾವ ಉಪಾಯವೂ ಫಲಿಸಲಿಲ್ಲ. ಪಡಸಾಲೆಯಿಂದ ಬಾಗಿಲವರೆಗೆ ಕಂದುಹಸಿರು ಸೂಜಿಗಳ ದಾರಿಯೇ ಬಿತ್ತು.

ವ್ಯಾಕ್ಯೂಮ್ ಕ್ಲೀನರ್ ಹಚ್ಚಿದರೆ ಉದ್ದನೆಯ ಎಲೆಗಳು ಅದರ ತಿರುಗುವ ಕುಂಚಕ್ಕೆ ಕೂದಲಿನಂತೆ ಸುತ್ತಿಕೊಂಡು ಯಂತ್ರ ನಿಂತಿತು. ಪೊರಕೆಯಿಂದ ಗುಡಿಸಿದರೆ ಹಲಗೆಗಳ ಸಂದಿಗೆ ಸರಿದವು, ಜಮಖಾನೆಯ ನೂಲಿನೊಳಗೆ ನೆಟ್ಟುಕೊಂಡವು. ಆಗ ಅಕ್ಕ ಒಂದು ಒದ್ದೆ ಬಟ್ಟೆ ತಂದು ನೆಲಕ್ಕೆ ಕುಳಿತಳು. “2018ರಾಗ ಅವ್ವ ಬಂದಿದ್ಲಲ್ಲ, ಇದನ್ನ ಆಕೀನೇ ಕಲಿಸಿದ್ಲು. ಒದ್ದಿ ಅರಿವಿಗೆ ತಾವಾಗೇ ಹತ್ತತಾವು. ದಿನಾ ಮುಂಜಾನೆ ಪೂಜಿ ಮುಗಿಸಿ ಗಿಡಕ್ಕ ನೀರು ಹಾಕ್ತಿದ್ಲು. ಹಸಿವಿ ನೀರಡಿಕಿಗೆ ಯಾವ ಜಾತಿ ಅಂತಿದ್ಲು.”

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಕನ್ನಡ ಎಂ.ಎ. ಮಾಡಿದವನು. ಆ ಮಾತು ಕೇಳಿ ನನ್ನ ಕಣ್ಣು ಅವ್ವನ ಭಾವಚಿತ್ರದ ಕಡೆಗೆ ಹೋಯಿತು. ನೋಡಲಾಗದೆ ತಲೆ ತಗ್ಗಿಸಿದೆ. ಅಕ್ಕನ ಕೈಯಿಂದ ಬಟ್ಟೆಯನ್ನು ತೆಗೆದುಕೊಂಡು ನೆಲಕ್ಕೆ ಕುಳಿತೆ.

ಸುಮಾರು ಎರಡು ತಾಸು ಆ ಕೆಲಸ ಹಿಡಿಯಿತು. ನೆಲದ ಎಲೆಗಳು ಒದ್ದೆ ಬಟ್ಟೆಗೆ ಬಂದವು. ಜಮಖಾನೆಯಲ್ಲಿ ನೆಟ್ಟವುಗಳನ್ನು ರಬ್ಬರ್ ಕೈಗವಸಿನಿಂದ ಉಜ್ಜಿ ಮೇಲೆಬ್ಬಿಸಿ ಆರಿಸಿದೆ. ಮರ ನಿಂತಲ್ಲಿ ಅಂಟಿದ್ದ ರಾಳ ಬಿಸಿನೀರಿಗೆ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಸವರಿ, ನೆನೆದ ಮೇಲೆ ಸಾಬೂನು ಹಾಕಿ ಒರೆಸಿದೆ. ಸಂತೆಗಣ್ಣಿಗೆ ಕಾಣದ ಎಲೆಗಳು ಅಂಗೈಗೆ ಚುಚ್ಚಿ ತಾವಿರುವ ಸ್ಥಳವನ್ನು ತಾವೇ ಹೇಳಿದವು. ನಡುವೆ ಮಗು ಬಂದು ಪಕ್ಕದಲ್ಲಿ ಕುಳಿತು, “ಮಾಮಾ, ಅವತ್ತ ನೀರು ಹಾಕೋದು ಮರ್ತಿದ್ಯಾ?” ಎಂದಿತು. “ಮರೆಯಲಿಲ್ಲ ತಾಯಿ, ಬೇಕಂತಲೇ ಹಾಕಲಿಲ್ಲ. ತಪ್ಪು ನನ್ನದು” ಎಂದೆ. ಅದು ಕ್ಷಣಕಾಲ ನನ್ನನ್ನು ನೋಡಿ, “ಹಂಗಾದ್ರ ಆ ಮೂಲಿನೂ ನೀನೇ ಬಳಿ” ಎಂದು ಚೀಲವನ್ನು ನನ್ನ ಮುಂದೆ ತಳ್ಳಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೂ ಈ ಮಾತು ಕೇಳಿಸಿತ್ತು. ಆಕೆ ಏನನ್ನೂ ಕೇಳಲಿಲ್ಲ. ಸಂಜೆ ಭಾವನವರಿಗೂ ನಾನೇ ಹೇಳಿದೆ. ಅವರು ನನ್ನ ಭುಜ ತಟ್ಟಿ, ಮರವನ್ನು ರಸ್ತೆಯ ಅಂಚಿಗೆ ಒಯ್ಯಲು ಕೈಜೋಡಿಸೆಂದರು. ಅಲ್ಲಿಯ ಅನೇಕ ಊರುಗಳಲ್ಲಿ ಜನವರಿಯಲ್ಲಿ ಇಂಥ ಮರಗಳನ್ನು ಒಟ್ಟುಗೂಡಿಸಿ, ಯಂತ್ರದಲ್ಲಿ ಪುಡಿಮಾಡಿ ಉದ್ಯಾನಗಳ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಸುತ್ತಾರೆ. ನಾನು ಆರಿಸಿದ ಎಲೆಗಳನ್ನು ಅಕ್ಕ ಹಿತ್ತಿಲಿನ ಗುಲಾಬಿಯ ಬುಡಕ್ಕೆ ಸುರಿದಳು.

ಬಂಧುಗಳೇ, ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನವರದು ಶಿವಭಕ್ತರ ಮನೆಯಂಗಳವನ್ನು ಗುಡಿಸುವ ಕಾಯಕ. ತರಗತಿಗಳಲ್ಲಿ ಇದನ್ನು ನಾನು ಎಷ್ಟೋ ಬಾರಿ ಹೇಳಿದ್ದೇನೆ. ಅಂಕಿತನಾಮ, ಜನ್ಮಸ್ಥಳಗಳನ್ನು ತಪ್ಪಿಲ್ಲದೆ ಒಪ್ಪಿಸಿದ್ದೇನೆ. ಮತ್ತೊಬ್ಬರ ಅಂಗಳವನ್ನು ಗುಡಿಸಬೇಕಾದರೆ ಸೊಂಟವನ್ನೂ ತಲೆಯನ್ನೂ ಬಗ್ಗಿಸಲೇಬೇಕೆಂಬ ಸರಳ ಸತ್ಯ ಮಾತ್ರ ನನ್ನ ಉಪನ್ಯಾಸದಲ್ಲಿ ಎಂದೂ ಬಂದಿರಲಿಲ್ಲ. ಉಪನ್ಯಾಸ ಬೇಡವೆಂದು ಪೂಜ್ಯರು ನಕ್ಕದ್ದೇಕೆಂದು ಆಗ ತಿಳಿಯಿತು.

ಆ ವರ್ಷದ ಯುಗಾದಿಗೆ ಅಕ್ಕ ಫೋನ್ ಮಾಡಿದಳು. ಹಬ್ಬಕ್ಕೆಂದು ಸೋಫಾ ಸರಿಸಿದರೆ ಅದರ ಹಿಂದೆ ಇನ್ನೂ ಒಂದು ಹಿಡಿ ಎಲೆ ಸಿಕ್ಕಿತೆಂದು ನಕ್ಕಳು. “ಉಳಿದಿದ್ದನ್ನ ಬಳ್ಯಾಕ ಮತ್ತ ಬಾ” ಎಂದಳು. ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಮನದ ಮೂಲೆಯ ಕಸವೂ ಒಂದೇ ದಿನಕ್ಕೆ ಮುಗಿಯುವಂಥದಲ್ಲ. ಸಿಕ್ಕಾಗಲೆಲ್ಲ ಬಗ್ಗಿ ಆರಿಸುವ ಬುದ್ಧಿ ನಮ್ಮೆಲ್ಲರಿಗೂ ಬರಲೆಂದು ಬೇಡುತ್ತೇನೆ.